ಕಡಲಪಾಚಿಯ ಸಾರದಿಂದ ಕೊಳದ ಪಾಚಿಗೆ ಕಡಿವಾಣ: ನನ್ನ ಅನುಭವ

ಕೊಳದ ಮೇಲೆ ಹಸಿರು ಬಣ್ಣ ಬಳಿದಂತೆ ಹರಡುವ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯನ್ನು ಕೊಲ್ಲುವುದು ಕಷ್ಟವಲ್ಲ. ಮೈಲುತುತ್ತ ಹಾಕಿದರೂ ಸಾಯುತ್ತದೆ. ಆದರೆ ಸಾಯುವಾಗ ಕೋಶಗಳು ಒಡೆದು, ಒಳಗಿದ್ದ ಮೈಕ್ರೋಸಿಸ್ಟಿನ್ ಎಂಬ ವಿಷ ನೀರಿಗಿಳಿಯುತ್ತದೆ. ಯಕೃತ್ತನ್ನು ಕೆಡಿಸುವ ಈ ವಿಷ ನೀರು ಕುದಿಸಿದರೂ ಹೋಗುವುದಿಲ್ಲ. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದ ಡಯಾಲಿಸಿಸ್ ಕೇಂದ್ರದಲ್ಲಿ 50ಕ್ಕೂ ಹೆಚ್ಚು ರೋಗಿಗಳು ಸತ್ತದ್ದು ಇದು ಬೆರೆತ ನೀರಿನಿಂದಲೇ. ಹಾಗಾಗಿ ಪಣಜಿಯ ಪ್ರಯೋಗಾಲಯದಲ್ಲಿ ಈ ಕೆಲಸ ಕೈಗೆತ್ತಿಕೊಂಡಾಗ ನಾನು ಹುಡುಕುತ್ತಿದ್ದುದು, ಪಾಚಿಯನ್ನು ಒಡೆಯದೆ ಅದರ ಬೆಳವಣಿಗೆಯನ್ನಷ್ಟೇ ನಿಲ್ಲಿಸುವ ವಸ್ತುವನ್ನು.

ಕಡಲ ಬಂಡೆಗಳ ಮೇಲೆ ಬೆಳೆಯುವ ಉಲ್ವಾ ಎಂಬ ಹಸಿರು ಪಾಚಿಯಲ್ಲಿರುವ ಬಹು-ಅಪರ್ಯಾಪ್ತ ಕೊಬ್ಬಿನಾಮ್ಲಗಳು (ಎಣ್ಣೆಗಳಲ್ಲೂ ಇರುವ ಒಂದು ಬಗೆಯ ಆಮ್ಲಗಳು) ಸಮುದ್ರದ ವಿಷಕಾರಿ ಸೂಕ್ಷ್ಮಪಾಚಿಗಳನ್ನು ತಡೆಯುತ್ತವೆಂದು ಜಪಾನಿನ ಸಂಶೋಧಕರು ತೋರಿಸಿದ್ದರು. ಗೋವಾದ ಅಂಜುನಾ ಕಡಲತೀರದ ಬಂಡೆಗಳಲ್ಲಿ ಉಲ್ವಾಕ್ಕೆ ಬರವಿಲ್ಲ. ಇಳಿತದ ಹೊತ್ತಿನಲ್ಲಿ ಅದನ್ನು ಕಿತ್ತು ತಂದು, ಅಂಟಿಕೊಂಡ ಮರಳನ್ನೂ ಪುಟ್ಟ ಬಸವನಹುಳುಗಳನ್ನೂ ತೊಳೆದು ತೆಗೆದು, ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ ಮೆಥನಾಲ್ ಎಂಬ ದ್ರಾವಕದಲ್ಲಿ ನೆನೆಹಾಕುತ್ತಿದ್ದೆ. ಈ ಆಮ್ಲಗಳು ಗಾಳಿ-ಬೆಳಕಿಗೆ ಬೇಗ ಕೆಡುವುದರಿಂದ ಸಾರವನ್ನು ಕಂದು ಸೀಸೆಯಲ್ಲಿ ಫ್ರೀಜರಿನೊಳಗೆ ಇಡಬೇಕು. ಪಾಚಿ ಬೆಳೆಸಿದ ಫ್ಲಾಸ್ಕುಗಳಿಗೆ ಸಾರ ಹಾಕಿ ನೋಡುವಾಗ, ಅದನ್ನು ಕರಗಿಸಲು ಬಳಸಿದ ದ್ರಾವಕವನ್ನಷ್ಟೇ ಹಾಕಿದ ಒಂದು ಫ್ಲಾಸ್ಕ್ ಜೊತೆಗಿಲ್ಲದಿದ್ದರೆ, ಪಾಚಿಯನ್ನು ತಡೆದದ್ದು ಸಾರವೋ ದ್ರಾವಕವೋ ಎಂದು ಹೇಳಲು ಬರುವುದಿಲ್ಲ.

ನನಗೆ ಅತ್ಯಂತ ಉಪಯೋಗಕ್ಕೆ ಬಂದ ಸೂಚನೆ ಬಣ್ಣದ್ದು. ಸಾರ ಹೆಚ್ಚಾದ ಫ್ಲಾಸ್ಕಿನಲ್ಲಿ ಹಸಿರು ಕೆನೆ ಬಿಳಿಚಿಕೊಂಡು, ಅದರ ಕೆಳಗಿನ ನೀರು ತಿಳಿನೀಲಿಯಾಗುತ್ತಿತ್ತು. ನೋಡಲು ಚೆಂದ, ಆದರೆ ಆ ನೀಲಿ ಕೋಶದೊಳಗಿನ ಫೈಕೋಸಯಾನಿನ್ ವರ್ಣದ್ರವ್ಯ; ಅದು ಹೊರಬಂದಿದೆಯೆಂದರೆ ವಿಷವೂ ಹೊರಬಂದಿದೆ ಎಂದೇ ತಿಳಿಯಬೇಕು. ಸಾರದ ಅದೇ ಪ್ರಮಾಣಕ್ಕೆ ನೀರುಚಿಗಟಗಳೆಂಬ ಕೊಳದ ಪುಟ್ಟ ಜೀವಿಗಳೂ ಸಾಯುತ್ತಿದ್ದವು. ಸಾರವನ್ನು ಕಡಿಮೆ ಮಾಡಿ, ನಡುವೆ ಸಮಯ ಬಿಟ್ಟು ಹಾಕಿದ ಫ್ಲಾಸ್ಕುಗಳಲ್ಲಿ ಪಾಚಿ ಹೆಚ್ಚಲಿಲ್ಲ, ನೀರು ನೀಲಿಯಾಗಲಿಲ್ಲ, ಚಿಗಟಗಳು ಈಜಾಡಿಕೊಂಡಿದ್ದವು. ಆದರೆ ಪಾಚಿ ಆಗಲೇ ದಟ್ಟವಾಗಿದ್ದರೆ ಈ ಪ್ರಮಾಣ ಏನೂ ಮಾಡುವುದಿಲ್ಲ. ಅಂಥಲ್ಲಿ ಕೆನೆಯನ್ನು ಬಲೆಯಿಂದ ಎತ್ತಿ ಹಾಕಿ, ಕೊಳಕ್ಕೆ ಬರುವ ಚರಂಡಿ ನೀರನ್ನು ತಡೆಯುವುದೇ ಮೊದಲ ಕೆಲಸವೆಂಬುದು ನನ್ನ ಅಭಿಪ್ರಾಯ.

ಫ್ಲಾಸ್ಕಿನಿಂದ ಕೊಳಕ್ಕೆ ಹೋಗುವ ಮೊದಲು ಲೆಕ್ಕ ಹಾಕಿ ನೋಡಿದೆ. ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ಕೊಳದಲ್ಲಿ 1 ಕೋಟಿ ಲೀಟರ್ ನೀರಿರುತ್ತದೆ. ಲೀಟರಿಗೆ 10 ಮಿಲಿಗ್ರಾಂ ಎಂದು ಹಿಡಿದರೂ ಒಂದು ಸಲಕ್ಕೆ 100 ಕಿಲೋ ಸಾರ ಬೇಕು. ಒಣ ಪುಡಿಯ ನೂರಕ್ಕೆ 5ರಷ್ಟು ಸಾರ ಸಿಗುತ್ತದೆಂದುಕೊಂಡರೆ 2 ಟನ್ ಪುಡಿ, ಅಂದರೆ ಹತ್ತು ಟನ್ನಿಗೂ ಹೆಚ್ಚು ಹಸಿ ಉಲ್ವಾ. ಒಂದು ಕೊಳಕ್ಕಾಗಿ ಅಂಜುನಾದ ಬಂಡೆಗಳನ್ನು ಬೋಳಿಸಲು ನಾನು ಸಿದ್ಧನಿಲ್ಲ. ಸಾರ ತೆಗೆಯದೆ ಪುಡಿಯನ್ನೇ ಹಾಕುವುದೂ ಸರಿಯಲ್ಲ, ಏಕೆಂದರೆ ಅದು ಕೊಳೆತಾಗ ಬಿಡುಗಡೆಯಾಗುವ ಸಾರಜನಕ ಮತ್ತು ರಂಜಕ ಮತ್ತೆ ಪಾಚಿಗೇ ಗೊಬ್ಬರ.

ಸಾರದಲ್ಲಿನ ಒಂದು ಮುಖ್ಯ ಆಮ್ಲ ಲಿನೋಲೆನಿಕ್ ಎಂದು ನಾನು ಹೇಳಿದಾಗ, ವಿಜಯಪುರದ ನನ್ನ ಸಹೋದ್ಯೋಗಿ, “ಅದು ನಮ್ಮ ಅಗಸಿ ಎಣ್ಣ್ಯಾಗ ಬೇಕಾದಷ್ಟು ಐತಲ್ರೀ ಸರ್” ಎಂದರು. ನಿಜ, ಅಗಸೆ ಎಣ್ಣೆಯ ಅರ್ಧದಷ್ಟು ಅದೇ. ಎಣ್ಣೆಯಲ್ಲಿ ಅದು ಗ್ಲಿಸರಾಲ್ ಜೊತೆ ಬೆಸೆದುಕೊಂಡಿರುವುದರಿಂದ ಕ್ಷಾರ ಹಾಕಿ ಬೇರ್ಪಡಿಸಬೇಕಷ್ಟೆ. ಈಗ ಅದನ್ನೂ ಉಲ್ವಾ ಸಾರವನ್ನೂ ಅಕ್ಕಪಕ್ಕದ ತೊಟ್ಟಿಗಳಲ್ಲಿ ಹಾಕಿ, ನೀರು ನೀಲಿಯಾಗದ ಪ್ರಮಾಣವನ್ನು ಹುಡುಕುತ್ತಿದ್ದೇವೆ.