ತಿಂಗಳ ದಿನವಿಶೇಷ: ಪಟ್ಟಿ ಮಾಡುವ ಮುನ್ನ ‘ಈ ದಿನವೇ ಏಕೆ?’ ಎಂದು ಕೇಳಿ

ಅಕ್ಟೋಬರ್ 24 ವಿಶ್ವ ಪೋಲಿಯೊ ದಿನ. ಪೋಲಿಯೊ ಲಸಿಕೆ ರೂಪಿಸಿದ ಜೋನಾಸ್ ಸಾಕ್ ಹುಟ್ಟಿದ್ದು ಅಂದೇ ಎಂದು ಎಷ್ಟೋ ಪಟ್ಟಿಗಳು ಹೇಳುತ್ತವೆ. ಸಾಕ್ ಹುಟ್ಟಿದ್ದು 1914ರ ಅಕ್ಟೋಬರ್ 28ರಂದು. ಗ್ರಂಥಾಲಯವೊಂದರ ಸೂಚನಾ ಫಲಕಕ್ಕೆ ಪ್ರತಿ ತಿಂಗಳೂ ದಿನವಿಶೇಷ ಬರೆದುಕೊಡುತ್ತಿದ್ದ ಕಾಲದಲ್ಲಿ ನಾನೂ ಆ ತಪ್ಪನ್ನು ಹಾಗೇ ಇಳಿಸಿಕೊಂಡಿದ್ದೆ. ಶಾಲಾ ಹುಡುಗಿಯೊಬ್ಬಳು ವಿಶ್ವಕೋಶದ ಸಂಪುಟವನ್ನು ತೆರೆದೇ ಹಿಡಿದುಕೊಂಡು ಬಂದು, ‘ಇದರಲ್ಲಿ 28 ಎಂದಿದೆಯಲ್ಲ, ಸರ್?’ ಎಂದು ಆ ಸಾಲಿನ ಮೇಲೆ ಬೆರಳಿಟ್ಟಳು. ಫಲಕದಲ್ಲಿ ಓದಿದ್ದನ್ನು ಅವಳು ನಂಬಿದ್ದಳು, ನಂಬಿದ್ದರಿಂದಲೇ ಇನ್ನಷ್ಟು ತಿಳಿಯಲು ಪುಸ್ತಕ ತೆರೆದಿದ್ದಳು. ಅವತ್ತಿನಿಂದ, ‘ಈ ದಿನವೇ ಏಕೆ?’ ಎಂಬ ಪ್ರಶ್ನೆಗೆ ಉತ್ತರ ಸಿಗದ ಯಾವುದನ್ನೂ ನಾನು ಪಟ್ಟಿಗೆ ಸೇರಿಸುವುದಿಲ್ಲ.

ಶಾಲೆಯ ಪ್ರಾರ್ಥನೆಯ ವೇಳೆ ಓದಲು, ಕಚೇರಿಯ ಫಲಕಕ್ಕೆ ಹಾಕಲು, ಬಾನುಲಿ ಕಾರ್ಯಕ್ರಮಕ್ಕೆ, ಸಂಘದ ಪತ್ರಿಕೆಗೆ ಹೀಗೆ ತಿಂಗಳ ಪಟ್ಟಿ ಬೇಕಾದವರು ಬಹಳ ಮಂದಿ. ಅದನ್ನು ಸಿದ್ಧಪಡಿಸುವ ಕ್ರಮವನ್ನು ಅಕ್ಟೋಬರ್ ತಿಂಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ದಿನವಿಶೇಷ ಬರೆಯುವವರು ಎಡವಬಹುದಾದ ಕಲ್ಲುಗಳೆಲ್ಲ ಆ ಒಂದೇ ತಿಂಗಳಲ್ಲಿ ಸಿಗುತ್ತವೆ.

ಮೊದಲು ಮನೆಗಳನ್ನು ಗೀಚಿಕೊಳ್ಳಿ

ದೊಡ್ಡ ಹಾಳೆಯಲ್ಲಿ 31 ಮನೆಗಳ ಕೋಷ್ಟಕ ಗೀಚಿ, ವಾರದ ಹೆಸರುಗಳನ್ನು ಮೇಲೆ ಬರೆಯಿರಿ. ವಾರ ಬೇಕೇ ಬೇಕು. ಜೊತೆಗೆ ಅಂಗೈ ಅಗಲದ ರಟ್ಟಿನ ಕಾರ್ಡುಗಳ ಒಂದು ಕಟ್ಟು ಇಟ್ಟುಕೊಳ್ಳಿ, ಒಂದು ವಿಶೇಷಕ್ಕೆ ಒಂದು ಕಾರ್ಡು. ಕಂಪ್ಯೂಟರಿನಲ್ಲಿ ಮಾಡುವವರು ಹಾಗೆಯೇ ಮಾಡಲಿ. ನನಗೆ ಕಾರ್ಡು ಇಷ್ಟ, ಏಕೆಂದರೆ ಹಿಂದಿನ ವರ್ಷ ಹೊಡೆದುಹಾಕಿದ್ದು ಅದರ ಮೇಲೆ ಹಾಗೇ ಉಳಿದಿರುತ್ತದೆ.

ದಿನಗಳ ಜಾತಿ ತಿಳಿಯಿರಿ

ಎಲ್ಲ ಆಚರಣೆಗಳೂ ಒಂದೇ ದಿನಾಂಕಕ್ಕೆ ಅಂಟಿಕೊಂಡಿರುವುದಿಲ್ಲ. ಕೆಲವು ಸ್ಥಿರ. ಗಾಂಧೀಜಿ ಹುಟ್ಟಿದ 1869ರ ಅಕ್ಟೋಬರ್ 2ನ್ನು ಅಂತರರಾಷ್ಟ್ರೀಯ ಅಹಿಂಸಾ ದಿನವೆಂದು ವಿಶ್ವಸಂಸ್ಥೆ 2007ರ ಜೂನ್ 15ರಂದು ಘೋಷಿಸಿತು. ಆ ದಿನ ಯಾವ ವರ್ಷವೂ ಕದಲದು.

ಕೆಲವು ವಾರವನ್ನು ಹಿಡಿದು ನಡೆಯುತ್ತವೆ. ವಿಶ್ವ ಆವಾಸ ದಿನ ಅಕ್ಟೋಬರಿನ ಮೊದಲ ಸೋಮವಾರ, ವಿಶ್ವ ದೃಷ್ಟಿ ದಿನ ಎರಡನೆಯ ಗುರುವಾರ. 2026ರ ಅಕ್ಟೋಬರ್ 1 ಗುರುವಾರವಾಗಿರುವುದರಿಂದ ಆ ವರ್ಷ ದೃಷ್ಟಿ ದಿನ 8ಕ್ಕೇ ಬರುತ್ತದೆ. 2027ರಲ್ಲಿ ತಿಂಗಳು ಶುಕ್ರವಾರ ಶುರುವಾಗುವುದರಿಂದ 14ಕ್ಕೆ ಹೋಗುತ್ತದೆ. ಕಳೆದ ವರ್ಷದ ಪಟ್ಟಿಯನ್ನು ನಕಲು ಮಾಡುವವರು ಜಾರುವುದು ಇಲ್ಲಿಯೇ. ಇನ್ನೊಂದು ತಪ್ಪೂ ಸಾಮಾನ್ಯ: ‘ಎರಡನೆಯ ಗುರುವಾರ’ವನ್ನು ‘ಎರಡನೆಯ ವಾರದ ಗುರುವಾರ’ ಎಂದು ಓದಿಕೊಳ್ಳುವುದು. ಗುರುವಾರಗಳನ್ನು ಮಾತ್ರ ಎಣಿಸಿ, ವಾರಗಳನ್ನಲ್ಲ.

ಐದು ವರ್ಷಕ್ಕೊಮ್ಮೆ ಮುಖ ತೋರಿಸುವ ದಿನವೂ ಉಂಟು. ಅಕ್ಟೋಬರ್ 20ರ ವಿಶ್ವ ಸಾಂಖ್ಯಿಕ ದಿನ 2010ರಿಂದ ಹಾಗೆ ಬರುತ್ತಿದೆ. 2025ರ ನಂತರದ್ದು 2030ರಲ್ಲಿ. ನಡುವಿನ ವರ್ಷಗಳಲ್ಲಿ ಅದನ್ನು ಪಟ್ಟಿಗೆ ಹಾಕಿದರೆ ತಪ್ಪು. ಚಂದ್ರನನ್ನು ಅನುಸರಿಸುವ ಹಬ್ಬಗಳ ದಿನಾಂಕವನ್ನು ಆಯಾ ವರ್ಷದ ಪಂಚಾಂಗ ನೋಡಿಯೇ ಬರೆಯಬೇಕು. ಹಿಜರಿ ವರ್ಷ ಸುಮಾರು 354 ದಿನಗಳದ್ದಾದ್ದರಿಂದ ಅದರ ದಿನಗಳು ವರ್ಷವರ್ಷವೂ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ.

ಇನ್ನು ದಿನಾಂಕವನ್ನೇ ಬದಲಿಸಿಕೊಂಡ ದಿನಗಳು. ವಿಪತ್ತಿನ ಅಪಾಯ ತಗ್ಗಿಸುವ ಅಂತರರಾಷ್ಟ್ರೀಯ ದಿನವನ್ನು 1989ರ ನಿರ್ಣಯ ಅಕ್ಟೋಬರಿನ ಎರಡನೆಯ ಬುಧವಾರಕ್ಕೆ ಇಟ್ಟಿತ್ತು. 2009ರಲ್ಲಿ ಅದನ್ನು ಅಕ್ಟೋಬರ್ 13ಕ್ಕೆ ನಿಲ್ಲಿಸಿದರು. ನನ್ನ ಕಾರ್ಡಿನ ಮೇಲೆ ‘2ನೇ ಬುಧವಾರ’ ಎಂಬುದಕ್ಕೆ ನೀಲಿ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘13, ಸ್ಥಿರ’ ಎಂದು ಬರೆದಿದೆ. ಹಳೆಯ ಪುಸ್ತಕದಿಂದ ದಿನವಿಶೇಷ ಎತ್ತಿಕೊಳ್ಳುವ ಮೊದಲು ಆ ಪುಸ್ತಕ ಅಚ್ಚಾದ ವರ್ಷ ನೋಡಿ.

ಕಾರಣ ಹುಡುಕಿ

ನನಗೆ ಬಹಳ ಪ್ರೀತಿಯ ಹಂತ ಇದು. ದಿನದ ಹೆಸರಿನ ಹಿಂದೆ ಒಂದು ಘಟನೆ, ಒಂದು ಸಹಿ, ಒಬ್ಬ ಮನುಷ್ಯ ಇರುತ್ತಾರೆ. ಅಕ್ಟೋಬರ್ 9 ವಿಶ್ವ ಅಂಚೆ ದಿನ. 1874ರಲ್ಲಿ ಅದೇ ದಿನ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಒಪ್ಪಂದಕ್ಕೆ ಸಹಿ ಹಾಕಿ ಅಂಚೆ ಒಕ್ಕೂಟ ಕಟ್ಟಿಕೊಂಡವು. ಆ ದಿನವನ್ನು ಅಂಚೆ ದಿನವಾಗಿ ಆಚರಿಸಲು ಒಕ್ಕೂಟ ತೀರ್ಮಾನಿಸಿದ್ದು ಮಾತ್ರ 1969ರಲ್ಲಿ, ಟೋಕಿಯೊ ಸಮಾವೇಶದಲ್ಲಿ. ಅಕ್ಟೋಬರ್ 5ರ ವಿಶ್ವ ಶಿಕ್ಷಕರ ದಿನ 1994ರಲ್ಲಿ ಶುರುವಾಯಿತು. ಶಿಕ್ಷಕರ ಸ್ಥಾನಮಾನ ಕುರಿತ ಶಿಫಾರಸು ಅಂಗೀಕಾರವಾದದ್ದು 1966ರ ಅದೇ ದಿನ. ಅಕ್ಟೋಬರ್ 16ರಂದು ವಿಶ್ವ ಆಹಾರ ದಿನ ಬರಲು ಕಾರಣ, ಆಹಾರ ಮತ್ತು ಕೃಷಿ ಸಂಸ್ಥೆ 1945ರ ಆ ದಿನ ಕೆನಡಾದ ಕ್ವಿಬೆಕ್ ನಗರದಲ್ಲಿ ಹುಟ್ಟಿದ್ದು.

ಇಲ್ಲೆಲ್ಲ ಎರಡೆರಡು ವರ್ಷಗಳಿವೆ: ಘಟನೆಯ ವರ್ಷ ಒಂದು, ಆಚರಣೆ ಆರಂಭವಾದ ವರ್ಷ ಇನ್ನೊಂದು. ಕಾರ್ಡಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಇವನ್ನು ಬೆರೆಸಿದರೆ ‘1994ರಲ್ಲಿ ಅಂಗೀಕಾರವಾದ ಶಿಫಾರಸು’ ಎಂಬಂಥ ವಾಕ್ಯ ಹುಟ್ಟಿಕೊಳ್ಳುತ್ತದೆ. ವಿಶ್ವಸಂಸ್ಥೆಯ ದಿನವನ್ನೇ ನೋಡಿ. ಸನ್ನದಿಗೆ ಸಹಿ ಬಿದ್ದದ್ದು 1945ರ ಜೂನ್ 26ರಂದು. ಅದು ಜಾರಿಗೆ ಬಂದದ್ದು ಅಕ್ಟೋಬರ್ 24ರಂದು. ಆಚರಿಸುವುದು ಜಾರಿಗೆ ಬಂದ ದಿನವನ್ನು.

ಕಾರಣ ತಿಳಿದರೆ ಪಟ್ಟಿ ತಾನಾಗಿ ಕಥೆ ಹೇಳುತ್ತದೆ ಎಂಬುದಕ್ಕೆ ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹ ಒಳ್ಳೆಯ ಉದಾಹರಣೆ. 4ರಂದೇ ಶುರು ಏಕೆ? 1957ರ ಆ ದಿನ ಮನುಷ್ಯ ನಿರ್ಮಿಸಿದ ಮೊದಲ ಉಪಗ್ರಹ ಸ್ಪುಟ್ನಿಕ್ ಕಕ್ಷೆ ಸೇರಿತು. 83.6 ಕಿಲೋ ತೂಕದ, 58 ಸೆಂಟಿಮೀಟರ್ ಅಡ್ಡಳತೆಯ ಲೋಹದ ಗುಂಡು ಅದು. 10ಕ್ಕೇ ಮುಗಿಯುವುದೇಕೆ? ಬಾಹ್ಯಾಕಾಶವನ್ನು ಯಾವ ದೇಶವೂ ತನ್ನದೆಂದು ಹೇಳಿಕೊಳ್ಳುವಂತಿಲ್ಲ ಎಂಬ ಒಪ್ಪಂದ ಜಾರಿಗೆ ಬಂದದ್ದು 1967ರ ಅಕ್ಟೋಬರ್ 10ರಂದು. ಮೇಲಕ್ಕೆ ಹಾರಿದ್ದು ಒಂದು ತುದಿ, ಅಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಒಪ್ಪಿಕೊಂಡದ್ದು ಇನ್ನೊಂದು ತುದಿ. ‘ಬಾಹ್ಯಾಕಾಶ ಸಪ್ತಾಹ ಆರಂಭ’ ಎಂದಷ್ಟೇ ಬರೆದರೆ ಈ ಸೊಗಸೆಲ್ಲ ಕೈತಪ್ಪುತ್ತದೆ.

ಕಾರಣ ಹುಡುಕಲು ಇನ್ನೊಂದು ಪಟ್ಟಿಯ ಬಳಿ ಹೋಗಬೇಡಿ. ದಿನವನ್ನು ಘೋಷಿಸಿದ ಸಂಸ್ಥೆಯ ನಿರ್ಣಯ ಅಥವಾ ಅದರ ಅಧಿಕೃತ ಜಾಲತಾಣ, ವ್ಯಕ್ತಿಗಳ ವಿಷಯಕ್ಕೆ ಒಳ್ಳೆಯ ವಿಶ್ವಕೋಶ ಅಥವಾ ಜೀವನಚರಿತ್ರೆ ನೋಡಿ. ಹತ್ತು ಪಟ್ಟಿಗಳು ಒಂದೇ ಮಾತು ಹೇಳಿದರೆ ಹತ್ತು ಸಾಕ್ಷಿ ಸಿಕ್ಕಂತಲ್ಲ. ಸಾಕ್ ಅವರ ಜನ್ಮದಿನ ತಪ್ಪಾಗಿ ಹರಡಿದ್ದೂ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿಯೇ.

ಹಳೆಯ ದಿನಾಂಕವಾದರೆ ಕ್ಯಾಲೆಂಡರ್ ಯಾವುದೆಂದು ಕೇಳಿ

1582ರ ಅಕ್ಟೋಬರ್ 4, ಗುರುವಾರ. ಮಾರನೆಯ ದಿನ ಶುಕ್ರವಾರವೇ, ಆದರೆ ದಿನಾಂಕ ಅಕ್ಟೋಬರ್ 15! ಹದಿಮೂರನೆಯ ಗ್ರೆಗರಿ ಪೋಪರು ಕ್ಯಾಲೆಂಡರ್ ತಿದ್ದಿದಾಗ ಸ್ಪೇನ್, ಪೋರ್ಚುಗಲ್, ಪೋಲೆಂಡ್ ಮತ್ತು ಇಟಲಿಯ ಬಹುಭಾಗದಲ್ಲಿ ನಡುವಿನ ಹತ್ತು ದಿನಗಳು ಇಲ್ಲವಾದವು. ಆವಿಲಾದ ಸಂತ ತೆರೇಸಾ ತೀರಿಕೊಂಡದ್ದು ಆ ಎರಡು ದಿನಗಳ ನಡುವಿನ ರಾತ್ರಿಯಲ್ಲಿ. ಅವರ ಸ್ಮರಣೆಯ ದಿನ ಇಂದಿಗೂ ಅಕ್ಟೋಬರ್ 15. 1582ರ ಅಕ್ಟೋಬರ್ 10ರಂದು ರೋಮಿನಲ್ಲಿ ಏನೋ ನಡೆಯಿತೆಂದು ಎಲ್ಲಾದರೂ ಓದಿದರೆ ಆ ಸಾಲನ್ನು ಬಿಟ್ಟುಬಿಡಿ. ರೋಮಿಗೆ ಆ ದಿನ ಬರಲೇ ಇಲ್ಲ.

ತೊಡಕು ಇರುವುದು ಉಳಿದ ದೇಶಗಳು ತಡವಾಗಿ ಬದಲಾದದ್ದರಲ್ಲಿ. ಬ್ರಿಟನ್ ಹೊಸ ಕ್ಯಾಲೆಂಡರಿಗೆ ಬಂದದ್ದು 1752ರಲ್ಲಿ, ರಷ್ಯಾ 1918ರಲ್ಲಿ. ಹೀಗಾಗಿ 1917ರ ಅಕ್ಟೋಬರ್ ಕ್ರಾಂತಿ ರಷ್ಯಾದ ಅಂದಿನ ಲೆಕ್ಕದಲ್ಲಿ ಅಕ್ಟೋಬರ್ 25, ಇಂದಿನ ಲೆಕ್ಕದಲ್ಲಿ ನವೆಂಬರ್ 7. ಹೆಸರು ನೋಡಿ ಅದನ್ನು ಅಕ್ಟೋಬರ್ ಹಾಳೆಗೆ ಸೇರಿಸಿದವರು ಎಷ್ಟೋ! ಅದರ ಜಾಗ ನವೆಂಬರ್ ಹಾಳೆಯಲ್ಲಿ. 1582ಕ್ಕಿಂತ ಹಿಂದಿನ ದಿನಾಂಕಗಳನ್ನು ಮಾತ್ರ ರೂಢಿಯಲ್ಲಿರುವಂತೆಯೇ ಬಿಡುವುದು ವಾಡಿಕೆ. ಕೊಲಂಬಸ್ ದಡ ಮುಟ್ಟಿದ 1492ರ ಅಕ್ಟೋಬರ್ 12 ಹಳೆಯ ಲೆಕ್ಕದ್ದು, ಅದನ್ನು ಯಾರೂ 21 ಎಂದು ಬದಲಿಸಿಕೊಂಡು ಆಚರಿಸುವುದಿಲ್ಲ.

ಗಡಿಯಾರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಧ್ಯರಾತ್ರಿಯ ಆಸುಪಾಸಿನ ಘಟನೆಗೆ ಊರು ಬದಲಾದರೆ ದಿನಾಂಕ ಬದಲಾಗುತ್ತದೆ. ಇಂದಿನ ಅಂತರಜಾಲದ ಪೂರ್ವಜವಾದ ಅರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರ ರಾತ್ರಿ 10.30ಕ್ಕೆ, ಕ್ಯಾಲಿಫೋರ್ನಿಯಾದಲ್ಲಿ. ‘ಲಾಗಿನ್’ ಎಂದು ಬೆರಳಚ್ಚಿಸಲು ಹೊರಟಾಗ ಇಂಗ್ಲಿಷಿನ ಮೊದಲ ಎರಡು ಅಕ್ಷರ (ಎಲ್, ಓ) ತಲುಪಿ ವ್ಯವಸ್ಥೆ ಕುಸಿಯಿತು. ಗ್ರೀನಿಚ್ ಲೆಕ್ಕದಲ್ಲಿ ಆಗ 30ನೇ ತಾರೀಖಿನ ಬೆಳಗು. ಘಟನೆ ನಡೆದ ಊರಿನ ದಿನಾಂಕವನ್ನೇ ಹಿಡಿಯಿರಿ, ಊರಿನ ಹೆಸರನ್ನೂ ಬರೆಯಿರಿ.

ವರ್ಷ ಎಣಿಸುವಾಗ

ಈ ವರ್ಷದಿಂದ ಘಟನೆಯ ವರ್ಷ ಕಳೆಯಿರಿ, ಬಂದ ಸಂಖ್ಯೆಯ ಮುಂದೆ ‘ವರ್ಷ ತುಂಬಿತು’ ಎಂದು ಬರೆಯಿರಿ. 2019ರ ಅಕ್ಟೋಬರ್ 2ಕ್ಕೆ ಗಾಂಧೀಜಿ ಹುಟ್ಟಿ 150 ವರ್ಷ ತುಂಬಿತು. ಹಾಗೆ ನೋಡಿದರೆ 150ನೇ ವರ್ಷ ಆರಂಭವಾದದ್ದು 2018ರ ಅಕ್ಟೋಬರ್ 2ರಂದು. ‘150ನೇ’ ಎಂದಷ್ಟೇ ಬರೆದರೆ ಯಾವುದೆಂದು ಓದುಗರು ತಲೆ ಕೆರೆದುಕೊಳ್ಳಬೇಕಾಗುತ್ತದೆ. ‘ತುಂಬಿತು’ ಎಂಬ ಪದದಲ್ಲಿ ಆ ಗೊಂದಲವಿಲ್ಲ.

ಪದ ತೂಗಿ ಬರೆಯಿರಿ

ಅಕ್ಟೋಬರ್ 12ಕ್ಕೆ ‘ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದ ದಿನ’ ಎಂದು ಬರೆಯುವುದು ಸುಲಭ, ಆದರೆ ಅದು ನಿಜವಲ್ಲ. ಅವನ ಹಡಗು ತಲುಪಿದ ಬಹಾಮಾಸ್ ದ್ವೀಪದಲ್ಲಿ ಜನ ಮೊದಲೇ ಬದುಕಿದ್ದರು, ದ್ವೀಪಕ್ಕೆ ಗ್ವಾನಹಾನಿ ಎಂಬ ಹೆಸರನ್ನೂ ಇಟ್ಟುಕೊಂಡಿದ್ದರು. ಸ್ಪೇನಿಗೆ ಅಂದು ರಾಷ್ಟ್ರೀಯ ದಿನ. ಅರ್ಜೆಂಟೀನಾ ಅದಕ್ಕೆ ಸಾಂಸ್ಕೃತಿಕ ವೈವಿಧ್ಯವನ್ನು ಗೌರವಿಸುವ ದಿನವೆಂದು ಹೆಸರಿಟ್ಟಿದೆ. ವೆನಿಜುವೆಲಾದಲ್ಲಿ ಅದು ಮೂಲನಿವಾಸಿಗಳ ಪ್ರತಿರೋಧದ ದಿನ. ನನ್ನ ಕಾರ್ಡಿನಲ್ಲಿ ‘ಕೊಲಂಬಸ್ ಗ್ವಾನಹಾನಿ ದ್ವೀಪಕ್ಕೆ ಬಂದಿಳಿದ, 1492’ ಎಂದಿದೆ. ಬಂದಿಳಿದದ್ದು ಎಲ್ಲರೂ ಒಪ್ಪುವ ಸಂಗತಿ. ಸಾವು, ಸೋಲು, ದುರಂತಗಳ ದಿನಕ್ಕೆ ‘ಶುಭಾಶಯ’, ‘ಸಂಭ್ರಮ’ ಎಂಬ ಮಾತುಗಳು ನುಸುಳದಂತೆಯೂ ನೋಡಿಕೊಳ್ಳಿ.

ಈಗ ತೆಗೆದುಹಾಕಿ

ಇಷ್ಟೆಲ್ಲ ಮಾಡಿದ ಮೇಲೆ ಕೈಯಲ್ಲಿ ನೂರಾರು ಕಾರ್ಡುಗಳಿರುತ್ತವೆ. ಎಲ್ಲವನ್ನೂ ತುರುಕಬೇಡಿ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಾಕು. ಅಕ್ಟೋಬರ್ 16ರ ಮನೆಯಲ್ಲಿ ಆಹಾರ ದಿನದ ಜೊತೆ ಅರಿವಳಿಕೆ ದಿನವೂ ಇದೆ. 1846ರಲ್ಲಿ ಅದೇ ದಿನ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ರೋಗಿಗೆ ಈಥರ್ ಉಸಿರಾಡಿಸಿ, ನೋವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಎಲ್ಲರೆದುರು ತೋರಿಸಿದ. ಎರಡರಲ್ಲಿ ಒಂದನ್ನೂ ಬಿಡಲು ನನಗೆ ಮನಸ್ಸು ಬರುವುದಿಲ್ಲ, ಎರಡನ್ನೂ ಇಡುತ್ತೇನೆ. ಸರಕು ಮಾರಲೆಂದೇ ಹುಟ್ಟಿಸಿದ ದಿನಗಳನ್ನು ಮಾತ್ರ ಮುಲಾಜಿಲ್ಲದೆ ತೆಗೆಯುತ್ತೇನೆ. ಕೆಲವು ಮನೆಗಳು ಖಾಲಿ ಉಳಿದರೆ ಉಳಿಯಲಿ.

ಕೊನೆಗೆ ಕಾರ್ಡಿನ ಸಾಲು

ಫಲಕಕ್ಕೆ ಹೋಗುವ ಒಕ್ಕಣೆ ಮೂರು ಸಾಲು ಮೀರದಿರಲಿ: ಏನಾಯಿತು, ಎಲ್ಲಿ, ಆಮೇಲೇನು. ಅಕ್ಟೋಬರ್ 26ರ ನನ್ನ ಕಾರ್ಡನ್ನು ಮಾದರಿಗೆ ಕೊಡುತ್ತೇನೆ. ಇದಕ್ಕೆ ಯಾವ ‘ವಿಶ್ವ ದಿನ’ದ ಹೆಸರೂ ಬೇಕಾಗಿಲ್ಲ ಎಂದು ನನ್ನ ಭಾವನೆ.

‘1977. ಸೊಮಾಲಿಯಾದ ಮೆರ್ಕಾ ಪಟ್ಟಣದ ಆಸ್ಪತ್ರೆಯ ಅಡುಗೆಯವ ಅಲಿ ಮಾವ್ ಮಾಲಿನ್ ಅವರ ಮೈಮೇಲೆ ಸಿಡುಬಿನ ಗುಳ್ಳೆ ಎದ್ದ ದಿನ. ಸಹಜವಾಗಿ ಹರಡಿದ ಸಿಡುಬಿನ ಕೊನೆಯ ರೋಗಿ ಅವರು, ಗುಣವಾದರು. ಮುಂದೆ ಪೋಲಿಯೊ ಲಸಿಕೆ ಅಭಿಯಾನದಲ್ಲಿ ದುಡಿದು, ಆ ಕೆಲಸದಲ್ಲಿರುವಾಗಲೇ 2013ರಲ್ಲಿ ಮಲೇರಿಯಾದಿಂದ ತೀರಿಕೊಂಡರು.’

‘ಸಹಜವಾಗಿ ಹರಡಿದ’ ಎಂಬ ಪದಗಳನ್ನು ಜಾಗ ಸಾಲದೆಂದು ಕತ್ತರಿಸುವಂತಿಲ್ಲ, ಏಕೆಂದರೆ 1978ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರಯೋಗಾಲಯದ ವೈರಸ್‌ನಿಂದ ಸಿಡುಬು ತಗುಲಿ ಒಬ್ಬರು ತೀರಿಕೊಂಡರು. ಸಿಡುಬು ನಿರ್ಮೂಲನವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿದ್ದು 1980ರ ಮೇ 8ರಂದು, ಅದರ ಕಾರ್ಡು ಮೇ ಕಟ್ಟಿನಲ್ಲಿದೆ. ಅಕ್ಟೋಬರ್ 26ರ ಕಾರ್ಡಿನ ಹಿಂಬದಿಯಲ್ಲಿ ಮುಂದಿನ ನೆನಪಿಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ: ‘2027, ಮಂಗಳವಾರ. 50 ವರ್ಷ ತುಂಬುತ್ತದೆ. ಎರಡು ದಿನ ಮೊದಲು ಪೋಲಿಯೊ ದಿನ, ಎರಡು ದಿನ ಕಳೆದು ಸಾಕ್ ಜನ್ಮದಿನ. ಮೂರನ್ನೂ ಅಕ್ಕಪಕ್ಕ ಹಾಕುವುದು.’