ನೀರು ಜಗಲಿಯಲ್ಲಿ, ಚಿಲಕ ಹಿತ್ತಲಲ್ಲಿ: ಒಂಟಿ ಮನೆಯ ಹಿರಿಯರನ್ನು ವಂಚಕರಿಂದ ಕಾಪಾಡುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದ ದಂಪತಿ ಮಾತ್ರ. ಮಕ್ಕಳು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವೋ ಗುಡ್ಡವೋ ಇರುವುದರಿಂದ, ದಣಪೆ ದಾಟಿ ಬಂದ ಅಪರಿಚಿತರು ನೆರೆಯವರ ಕಣ್ಣಿಗೆ ಬೀಳುವುದಿಲ್ಲ. ಗಮನ ಬೇರೆಡೆ ಸೆಳೆದು ಕದಿಯುವವರಿಗೆ ಬೀಗ ಒಡೆಯುವ ಶ್ರಮವೂ ಇಲ್ಲ. ಬಂದವರಿಗೆ ಬೆಲ್ಲ-ನೀರು ಕೊಡದೆ ಕಳಿಸಬಾರದೆಂಬ ನಮ್ಮ ಕಡೆಯ ನಡವಳಿಕೆಯನ್ನೇ ಅವರು ನೆಚ್ಚಿಕೊಂಡಿರುತ್ತಾರೆ. ಹೀಗಿರುವಾಗ "ಯಾರು ಬಂದರೂ ಬಾಗಿಲು ತೆಗೆಯಬೇಡಿ" ಎಂದು ಫೋನಿನಲ್ಲಿ ಹೇಳಿಬಿಟ್ಟರೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ, ಏಕೆಂದರೆ ಜೀವಮಾನವಿಡೀ ಪಾಲಿಸಿದ ಮರ್ಯಾದೆಯನ್ನು ಯಾರೂ ಒಂದು ಮಾತಿಗೆ ಬಿಟ್ಟುಕೊಡುವುದಿಲ್ಲ. ಆ ಮರ್ಯಾದೆ ಕೆಡದಂತೆಯೇ ಮನೆ ಭದ್ರವಾಗಿರುವ ಏರ್ಪಾಡನ್ನು ಮಕ್ಕಳು ಮಾಡಿಕೊಡಬೇಕು.

ಮೊದಲು ಹಿತ್ತಲ ಬಾಗಿಲನ್ನು ನೋಡಿ. ಇಂಥ ಕಳ್ಳತನಕ್ಕೆ ಸಾಮಾನ್ಯವಾಗಿ ಇಬ್ಬರು ಬರುತ್ತಾರೆ. ಒಬ್ಬ ಜಗಲಿಯಲ್ಲಿ ಕುಳಿತು ಜಾಗದ ವಿಚಾರವನ್ನೋ ಅಡಿಕೆ ಧಾರಣೆಯನ್ನೋ ಮಾತಾಡುತ್ತಿರುವಾಗ, ಇನ್ನೊಬ್ಬ ಕೊಟ್ಟಿಗೆಯ ಪಕ್ಕದಿಂದ ಒಳಗೆ ಹೋಗುತ್ತಾನೆ. ಕೊಟ್ಟಿಗೆಗೂ ಬಚ್ಚಲಿಗೂ ಓಡಾಡಲು ಹಿಂದಿನ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ, ಮಳೆಗಾಲದಲ್ಲಂತೂ ಹೆಂಚಿನ ಮೇಲೆ ಬೀಳುವ ನೀರಿನ ಸದ್ದಿಗೆ ಹೆಜ್ಜೆಯ ಸಪ್ಪಳ ಕೇಳುವುದೇ ಇಲ್ಲ. ತಾನಾಗಿಯೇ ಮುಚ್ಚಿಕೊಳ್ಳುವಂತೆ ಆ ಬಾಗಿಲಿಗೆ ಸ್ಪ್ರಿಂಗ್ ಹಾಕಿಸಿ, ಕುಳ್ಳಗಿರುವ ಅಜ್ಜಿಗೂ ಕೈಗೆಟುಕುವ ಎತ್ತರದಲ್ಲಿ ಚಿಲಕ ಇಡಿಸಿ. ಅಂಗಳದಲ್ಲಿ ಅಪರಿಚಿತ ದನಿ ಕೇಳಿದರೆ ಮೊದಲು ಹಿಂದಿನ ಚಿಲಕ, ಆಮೇಲೆ ಮುಂದಿನ ಮಾತು ಎಂಬುದು ಮನೆಯ ರೂಢಿಯಾಗಬೇಕು.

ಎರಡನೆಯದು ನೀರಿನ ವ್ಯವಸ್ಥೆ. "ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಎಂದು ಕೇಳುವ ಉದ್ದೇಶವೇ ಮನೆಯವರನ್ನು ಅಡುಗೆಮನೆಗೆ ಕಳಿಸುವುದು. ಜಗಲಿಯ ಮೂಲೆಯಲ್ಲಿ ಮುಚ್ಚಿದ ಹೂಜಿ, ಎರಡು ಲೋಟ, ಒಂದು ಡಬ್ಬಿಯಲ್ಲಿ ಬೆಲ್ಲ ಇಟ್ಟುಬಿಟ್ಟರೆ ಬಂದವರ ಬಾಯಾರಿಕೆ ಅಲ್ಲಿಯೇ ತೀರುತ್ತದೆ, ಅಜ್ಜಿ ಬೆನ್ನು ತಿರುಗಿಸಬೇಕಾಗಿಲ್ಲ. ಜಗಲಿಗೆ ಗ್ರಿಲ್ ಇದ್ದರೆ ಹೂಜಿ ಅದರ ಹೊರಗಿರಲಿ. ಕ್ಯಾಮೆರಾ ಹಾಕಿಸುವ ಖರ್ಚಿಗಿಂತ ಮೊದಲು ಮಾಡಬೇಕಾದ ಕೆಲಸ ಇದು ಎಂಬುದು ನನ್ನ ಅಭಿಪ್ರಾಯ. ಕರೆಂಟು ಹೋದ ದಿನ ಕ್ಯಾಮೆರಾ ಗೋಡೆಗೆ ಅಲಂಕಾರ ಅಷ್ಟೆ.

ಚಿನ್ನ ಪಾಲಿಶ್ ಮಾಡುವವರ ವಿಷಯವನ್ನು ಹಿರಿಯರಿಗೆ ಬಿಡಿಸಿ ಹೇಳಲೇಬೇಕು, ಏಕೆಂದರೆ ಅವರ ಆಟ ನಡೆಯುವುದು ಕಣ್ಣೆದುರಿಗೇ. ಪುಡಿ ಮಾರುವವರಂತೆ ಬಂದು ಮೊದಲು ಹಿತ್ತಾಳೆಯ ದೀಪವನ್ನು, ಆಮೇಲೆ ಬೆಳ್ಳಿಯ ಕುಂಕುಮದ ಬಟ್ಟಲನ್ನು ಉಜ್ಜಿ ಫಳಫಳ ಹೊಳೆಯುವಂತೆ ಮಾಡಿಕೊಡುತ್ತಾರೆ. ನಂಬಿಕೆ ಬಂದ ಮೇಲೆ ಕೊರಳಿನ ಸರ ಕೇಳುತ್ತಾರೆ. ಅದನ್ನು ಅದ್ದುವ ದ್ರಾವಣದಲ್ಲಿರುವುದು ರಾಜದ್ರಾವಕ, ಅಂದರೆ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ. ಬೇರೆ ಆಮ್ಲಗಳಿಗೆ ಜಗ್ಗದ ಚಿನ್ನ ಇದರಲ್ಲಿ ಕರಗುತ್ತದೆ. ಸರ ಸರವಾಗಿಯೇ ಹಿಂತಿರುಗುತ್ತದೆ, ತೂಕ ಮಾತ್ರ ಇಳಿದಿರುತ್ತದೆ. ಇನ್ನು ಕೆಲವರು ಸರವನ್ನು ಅರಿಶಿನದ ನೀರಿನ ಪಾತ್ರೆಗೆ ಹಾಕಿದಂತೆ ತೋರಿಸಿ, ಒಲೆಯ ಮೇಲಿಟ್ಟು ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ ಎಂದು ಹೇಳಿ ಹೊರಟುಬಿಡುತ್ತಾರೆ. ಆ ಹತ್ತು ನಿಮಿಷ ಅವರು ಓಡಿಹೋಗುವುದಕ್ಕೆ ಬೇಕಾದ ಸಮಯ. ಇಲ್ಲಿ ಒಂದೇ ನಿಯಮ ಸಾಕು: ಮೈಮೇಲಿನ ಚಿನ್ನವನ್ನು ಮನೆ ಬಾಗಿಲಲ್ಲಿ ಬಿಚ್ಚುವುದಿಲ್ಲ, ದೀಪ ಉಜ್ಜುವುದಕ್ಕೂ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ.

ಇಲಾಖೆಯವರೆಂದು ಹೇಳಿಕೊಂಡು ಬರುವವರನ್ನು ಪರೀಕ್ಷಿಸುವುದು ಕಷ್ಟವಲ್ಲ. ಮೆಸ್ಕಾಂ ಹೆಸರು ಹೇಳಿದರೆ 1912ಕ್ಕೆ ಕರೆ ಮಾಡಬಹುದು, ಗ್ಯಾಸಿನವರೆಂದರೆ ಸಿಲಿಂಡರ್ ಪುಸ್ತಕದಲ್ಲಿರುವ ಏಜೆನ್ಸಿಯ ನಂಬರಿಗೆ. ಬಂದವರೇ ಕೊಡುವ ನಂಬರಿಗೆ ಮಾತ್ರ ಕರೆ ಮಾಡಬಾರದು, ಅದನ್ನು ಎತ್ತುವವರು ಅವರ ಜೊತೆಗಾರರೇ ಆಗಿರಬಹುದು. ಹಿರಿಯರಿಗೆ ವಾದ ಮಾಡಲು ಕಲಿಸುವ ಬದಲು ಒಂದು ಸಿದ್ಧ ಮಾತು ಕೊಡಿ: "ಮಗ ತೋಟದಲ್ಲಿದ್ದಾನೆ, ಬರೋವರೆಗೆ ಜಗಲಿ ಮೇಲೆ ಕೂತಿರಿ." ಮಗ ಬೆಂಗಳೂರಿನಲ್ಲಿದ್ದಾನೆಂಬ ಸಂಗತಿ ಬಾಯಿಂದ ಬರಬಾರದು. ನಿಜವಾದ ಕೆಲಸಕ್ಕೆ ಬಂದವರು ಕಾಯುತ್ತಾರೆ, ಇಲ್ಲವೇ ಇನ್ನೊಂದು ದಿನ ಬರುತ್ತಾರೆ.

ಪೊಲೀಸರ ವಿಷಯ ಸ್ವಲ್ಪ ಸೂಕ್ಷ್ಮ. 2025ರಲ್ಲಿ ರಾಜ್ಯದಲ್ಲಿ ಮನೆ ಮನೆಗೆ ಪೊಲೀಸ್ ಕಾರ್ಯಕ್ರಮ ಆರಂಭವಾದ ಮೇಲೆ ನಿಜವಾದ ಪೊಲೀಸರೂ ಬಾಗಿಲಿಗೆ ಬರುತ್ತಾರೆ. ಹಾಗಾಗಿ ಊರಿಗೆ ಹೋದಾಗ ಠಾಣೆಗೆ ಹೋಗಿ ನಿಮ್ಮ ಬೀಟ್ ಪೊಲೀಸ್ ಯಾರೆಂದು ಕೇಳಿಕೊಂಡು, ಸಾಧ್ಯವಾದರೆ ಅವರನ್ನು ಒಮ್ಮೆ ಮನೆಗೆ ಕರೆತಂದು ಪರಿಚಯ ಮಾಡಿಸಿ. "ಮುಂದೆ ಗಲಾಟೆಯಾಗಿದೆ, ಸರ ಬಿಚ್ಚಿ ಕಾಗದದಲ್ಲಿ ಸುತ್ತಿಕೊಡುತ್ತೇವೆ" ಎನ್ನುವವರು ಪೊಲೀಸರಲ್ಲ. ಪೊಟ್ಟಣ ಬಿಚ್ಚಿದಾಗ ಸಿಗುವುದು ಕಲ್ಲುಚೂರು. ಮನೆಯನ್ನು ಶೋಧಿಸಬೇಕಾದರೆ ಕಾನೂನಿನ ಪ್ರಕಾರ ಸ್ಥಳೀಯರಾದ ಇಬ್ಬರು ಸಾಕ್ಷಿಗಳನ್ನು ಕರೆಯಬೇಕಾಗುತ್ತದೆ.

ಅಡಿಕೆ ಮಾರಿದ ಹಣ ಬ್ಯಾಂಕ್ ಖಾತೆಗೇ ಬರಲಿ, ನಿತ್ಯ ಹಾಕಿಕೊಳ್ಳದ ಒಡವೆ ಲಾಕರಿನಲ್ಲಿರಲಿ. ಕೊಯ್ಲಿನ ದಿನಗಳಲ್ಲಿ ಹೊಸ ಆಳುಗಳು ಓಡಾಡುವುದರಿಂದ ಹೊಸ ಮುಖ ಕಂಡರೂ ಯಾರಿಗೂ ಅನುಮಾನ ಬರುವುದಿಲ್ಲ. ಕೆಲಸಕ್ಕೆ ಬಂದವರ ಹೆಸರನ್ನು ಮೇಸ್ತ್ರಿಯಿಂದ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ತುರ್ತಿಗೆ 112 ಇದೆ. ಆದರೆ ಅನೇಕ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಆದ್ದರಿಂದ ಹತ್ತಿರದ ಎರಡು ಮನೆಯವರೊಂದಿಗೆ ಮೊದಲೇ ಮಾತಾಡಿ ಒಂದು ಸಂಕೇತ ಗೊತ್ತುಮಾಡಿಕೊಳ್ಳಿ: ಜೋರಾದ ಗಂಟೆಯಾದರೂ ಸರಿ, ಹಿಂದಿನವರಂತೆ ಕೂ ಹಾಕುವುದಾದರೂ ಸರಿ. ಕೇಳಿಸಿಕೊಂಡವರು ತಿರುಗಿ ಕೂ ಹಾಕಬೇಕು. ಅಷ್ಟಾದರೆ ಅಂಗಳದಲ್ಲಿ ನಿಂತವನಿಗೆ ಹತ್ತಿರದಲ್ಲಿ ಜನರಿದ್ದಾರೆಂದು ತಿಳಿಯುತ್ತದೆ.

ಕಳ್ಳತನ ನಡೆದೇಹೋದರೆ ಹಿರಿಯರನ್ನು ಬಯ್ಯಬೇಡಿ. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ವಿಷಯವನ್ನೇ ಮುಚ್ಚಿಡುತ್ತಾರೆ. ವಾಸದ ಮನೆಯಲ್ಲಿನ ಕಳವಿಗೆ ಭಾರತೀಯ ನ್ಯಾಯ ಸಂಹಿತೆಯ 305ನೆಯ ಕಲಮಿನಡಿ 7 ವರ್ಷಗಳವರೆಗೆ ಶಿಕ್ಷೆಯಿದೆ, ಹಾಗಾಗಿ ಸಣ್ಣ ವಿಷಯವೆಂದು ದೂರು ಕೊಡದೆ ಇರಬಾರದು. ಸಾಕ್ಷಿಯಾಗಿ ವಿಚಾರಣೆಗೆ ಬೇಕಾದರೂ 60 ದಾಟಿದ ಗಂಡಸರನ್ನಾಗಲಿ ಯಾವುದೇ ವಯಸ್ಸಿನ ಹೆಂಗಸರನ್ನಾಗಲಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರಿರುವಲ್ಲಿಗೇ ಪೊಲೀಸರು ಬರಬೇಕು. ಒಡವೆಗಳ ಫೋಟೊ, ತೂಕ, ರಸೀದಿಯನ್ನು ಇಂದೇ ಮಕ್ಕಳ ಮೊಬೈಲಿನಲ್ಲಿ ಸೇರಿಸಿಟ್ಟಿದ್ದರೆ ಆ ದಿನ ದೂರು ಬರೆಯುವುದು ಸುಲಭ. ಪಾಲಿಶ್‌ನವರು ಬಿಟ್ಟುಹೋದ ದ್ರಾವಣವಿದ್ದರೆ ಬರಿಗೈಯಲ್ಲಿ ಮುಟ್ಟದೆ, ಬಚ್ಚಲಿಗೂ ಚೆಲ್ಲದೆ, ಪಾತ್ರೆಯ ಸಮೇತ ಹಾಗೇ ಇಟ್ಟು ಪೊಲೀಸರಿಗೆ ಒಪ್ಪಿಸಿ. ಕರಗಿದ ಚಿನ್ನದ ಒಂದಿಷ್ಟು ಪಾಲು ಅದರಲ್ಲಿ ಉಳಿದಿರಬಹುದು.