ಎಂಎನ್‌ಡಿ ರೋಗಿಗಳ ಒಸಿಟಿ: ನನ್ನ ಅನುಭವ

ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಮೋಟರ್ ನ್ಯೂರಾನ್ ಕಾಯಿಲೆ (ಎಂಎನ್‌ಡಿ) ಇರುವವರ ಅಕ್ಷಿಪಟಲವನ್ನು ಒಸಿಟಿಯಲ್ಲಿ, ಅಂದರೆ ಬೆಳಕಿನಿಂದ ಅದರ ಪದರಗಳನ್ನು ಸ್ಕ್ಯಾನ್ ಮಾಡುವ ಯಂತ್ರದಲ್ಲಿ ಅಳೆಯುತ್ತೇನೆ ಎಂದು ನಾಲ್ಕು ವರ್ಷದ ಹಿಂದೆ ಹೇಳಿದಾಗ, ನಮ್ಮ ವಿಭಾಗದ ಹಿರಿಯರೊಬ್ಬರು "ಆ ಕಾಯಿಲೆ ಕಣ್ಣನ್ನು ಮುಟ್ಟುವುದಿಲ್ಲ ಕಣಪ್ಪಾ, ಯಂತ್ರದ ಸಮಯ ದಂಡ" ಎಂದು ನಕ್ಕಿದ್ದರು. ಕೈಕಾಲು, ನಾಲಗೆ ಸೋತ ಮೇಲೂ ಕಣ್ಣಿನ ಚಲನೆ ಬಹುಪಾಲು ಉಳಿಯುವುದರಿಂದ ಹಾಗೆ ಹೇಳುವುದು ರೂಢಿ. ಆದರೆ ಈ ಕಾಯಿಲೆಗೆ ಕಾರಣವಾಗಬಲ್ಲ ಸಿ9ಒಆರ್‌ಎಫ್72 ಜೀನ್‌ನ ದೋಷವಿದ್ದವರ ಅಕ್ಷಿಪಟಲದ ಒಳ ನ್ಯೂಕ್ಲಿಯರ್ ಪದರದಲ್ಲಿ ಪ್ರೋಟೀನಿನ ಗಂಟುಗಳಿದ್ದುದು ಮರಣೋತ್ತರ ಪರೀಕ್ಷೆಯಿಂದ 2014ರಲ್ಲೇ ವರದಿಯಾಗಿತ್ತು. ಒಸಿಟಿ ಮಾಡಿದ ಸಂಶೋಧಕರಲ್ಲಿ ಕೆಲವರಿಗೆ ನರತಂತು ಪದರ (ಮುಂದೆ ದೃಷ್ಟಿನರವಾಗಿ ಸೇರುವ ಎಳೆಗಳ ಪದರ) ತೆಳುವಾಗಿ ಕಂಡಿತ್ತು, ಕೆಲವರಿಗೆ ಏನೂ ಕಂಡಿರಲಿಲ್ಲ.

ಮೊದಲ ವರ್ಷ ಇಪ್ಪತ್ತು ಮಂದಿಯನ್ನು ಕೂರಿಸಿದೆ. ಬಳಸಬಹುದಾದ ಸ್ಕ್ಯಾನ್ ಸಿಕ್ಕಿದ್ದು ಏಳೆಂಟು ಕಣ್ಣುಗಳಿಗೆ ಮಾತ್ರ. ಗಾಲಿಕುರ್ಚಿ ಮೇಜಿನಡಿ ಹೋಗುತ್ತಿರಲಿಲ್ಲ, ಕತ್ತು ಮುಂದಕ್ಕೆ ಬೀಳುತ್ತಿತ್ತು, ಗಲ್ಲದ ಪಟ್ಟಿಯ ಕಾಗದ ಜೊಲ್ಲಿನಿಂದ ನೆನೆದು ಹರಿಯುತ್ತಿತ್ತು. ಆದರೂ ರೋಗಿಗಳ ನರತಂತು ಪದರದ ದಪ್ಪ ಸರಾಸರಿ 82 ಮೈಕ್ರಾನ್, ಜೊತೆಗೆ ಬಂದ ಮನೆಯವರದು 95ರ ಆಸುಪಾಸು ಎಂದು ಕಂಡಾಗ ಹಿಗ್ಗಿ, ಸಮ್ಮೇಳನವೊಂದಕ್ಕೆ ಸಾರಾಂಶವನ್ನೂ ಕಳುಹಿಸಿಬಿಟ್ಟೆ. ಸಿಗ್ನಲ್ (ಸ್ಕ್ಯಾನಿನ ಗುಣಮಟ್ಟಕ್ಕೆ ಯಂತ್ರ ಹತ್ತಕ್ಕೆ ಕೊಡುವ ಅಂಕ) ನೋಡಿದ್ದು ಆಮೇಲೆ: ಹೆಚ್ಚಿನವು 4, 5. ಸಿಗ್ನಲ್ ಕುಸಿದರೆ ಪದರ ತೆಳುವಾಗಿಯೇ ತೋರುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಪಾಠ. ಗೊತ್ತಿದ್ದೂ ಮರೆತ ನಾನು ಸಾರಾಂಶವನ್ನು ಹಿಂದಕ್ಕೆ ಪಡೆಯಬೇಕಾಯಿತು.

ಗಾಲಿಕುರ್ಚಿಗೆ ಹೊಂದುವ ಮೇಜಿಗೆ ಒಂದು ಕಂಪನಿ ಒಂದೂಕಾಲು ಲಕ್ಷ ಕೇಳಿತು. ನಮ್ಮೂರಿನ ವೆಲ್ಡಿಂಗ್ ಅಂಗಡಿಯವರು ಆರೂವರೆ ಸಾವಿರಕ್ಕೆ ಮಾಡಿಕೊಟ್ಟ ಮೇಜು ಅಲುಗಾಡಿ ಚಿತ್ರವನ್ನೇ ಕದಡಿತು. ಬುಡಕ್ಕೆ ದಪ್ಪ ಕಬ್ಬಿಣದ ತಗಡು ಹಾಕಿಸಿದ ಮೇಲೆ ನಿಂತಿತು, ಒಟ್ಟು ಖರ್ಚು ಹನ್ನೊಂದು ಸಾವಿರದೊಳಗೆ. ಗಟ್ಟಿ ಕಾಲರ್ ಗಲ್ಲವನ್ನು ಮೇಲೆತ್ತುವುದರಿಂದ, ಮೆತ್ತನೆಯ ಕಾಲರಿನ ಮುಂಭಾಗವನ್ನು ಅರ್ಧಚಂದ್ರವಾಗಿ ಕತ್ತರಿಸಿದೆ. ಹಿಂದಿನಿಂದ ತಲೆ ಹಿಡಿಯಲು ಮನೆಯವರ ಅಂಗೈಯಷ್ಟು ಒಳ್ಳೆಯ ಸಾಧನ ನನಗೆ ಇನ್ನೂ ಸಿಕ್ಕಿಲ್ಲ. ಜೊಲ್ಲು ತಡೆಯಲು ಕೊಡುವ ಅಮಿಟ್ರಿಪ್ಟಿಲಿನ್, ಗ್ಲೈಕೋಪೈರೊಲೇಟ್ ಕಣ್ಣೀರನ್ನೂ ಒಣಗಿಸುತ್ತವೆ. ಆದ್ದರಿಂದ ಸ್ಕ್ಯಾನಿಗೆ ಎರಡು ನಿಮಿಷ ಮೊದಲು ತೇವದ ಹನಿ ಹಾಕುತ್ತೇನೆ. ಆ ಹನಿ ಯಾವುದು, ರೆಪ್ಪೆಯನ್ನು ಎಲ್ಲಿ ಹಿಡಿಯಬೇಕು ಎಂಬುದನ್ನು ಖುದ್ದಾಗಿ ಬಂದವರಿಗೆ ಮಾತ್ರ ತೋರಿಸುತ್ತೇನೆ.

ನಡುವೆ, ಅದೇ ಬೆಳಕಿನಿಂದ ಅಕ್ಷಿಪಟಲದ ರಕ್ತನಾಳಗಳನ್ನು ಚಿತ್ರಿಸುವ ಒಸಿಟಿ ಆಂಜಿಯೋಗ್ರಫಿಗೂ ಕೈಹಾಕಿದೆ. ಅದಕ್ಕೆ ಬೇಕಾದ ಕೆಲವು ಸೆಕೆಂಡುಗಳ ನಿಶ್ಚಲತೆ ಅವರಿಂದ ಸಾಧ್ಯವಾಗದೆ ರಕ್ತನಾಳಗಳೆಲ್ಲ ತುಂಡುತುಂಡಾಗಿ ಬಂದವು. ಮಲಗಿಸಿ, 20ಡಿ ಮಸೂರ (ಕೈಯಲ್ಲಿ ಹಿಡಿಯುವ, ಕಣ್ಣಿನೊಳಗೆ ನೋಡುವ ಗಾಜು) ಹಿಡಿದು ಮೊಬೈಲಿನಲ್ಲಿ ಅಕ್ಷಿಪಟಲದ ಚಿತ್ರ ತೆಗೆಯುವ ಪ್ರಯೋಗವನ್ನು ಮೂರನೆಯವರಿಗೇ ನಿಲ್ಲಿಸಿದೆ, ಏಕೆಂದರೆ ಅಂಗಾತ ಮಲಗಿದೊಡನೆ ಅವರಿಗೆ ಉಸಿರು ಕಟ್ಟಿತು.

ಈಗ ಸುಮಾರು ಅರವತ್ತು ಮಂದಿಯಾಗಿದ್ದಾರೆ, ಹತ್ತರಲ್ಲಿ ಎಂಟು ಸ್ಕ್ಯಾನ್ ಬಳಕೆಗೆ ಬರುತ್ತವೆ. ಗ್ಲಾಕೋಮ, ಸಕ್ಕರೆ ಕಾಯಿಲೆ, ಹೆಚ್ಚಿನ ಮೈನಸ್ ಪವರ್ ಇದ್ದವರನ್ನು ಬಿಟ್ಟು, ಸಿಗ್ನಲ್ 7ಕ್ಕಿಂತ ಕಡಿಮೆಯಿದ್ದುದನ್ನು ತೆಗೆದುಹಾಕಿದಾಗ, ಮೊದಲು ಕಂಡಿದ್ದ ಹದಿಮೂರು ಮೈಕ್ರಾನಿನ ಅಂತರ ಎರಡು ಮೂರಕ್ಕೆ ಇಳಿಯಿತು. ಒಬ್ಬರದೇ ಕಣ್ಣನ್ನು ಎರಡು ಸಲ ಅಳೆದರೂ ಅಷ್ಟು ಏರುಪೇರಾಗುತ್ತದೆ. ಹಾಗಾಗಿ ಎಂಎನ್‌ಡಿಯ ಸಾಮಾನ್ಯ ಬಗೆಯಾದ ಎಎಲ್ಎಸ್‌ನಲ್ಲಿ ಪದರ ತೆಳುವಾಗುತ್ತದೆ ಎಂದು ನನ್ನ ಅಂಕಿಗಳನ್ನು ನಂಬಿ ನಾನು ಹೇಳಲಾರೆ.

ನನ್ನ ಮೇಜು ನಿಜವಾಗಿ ಕೆಲಸಕ್ಕೆ ಬಂದದ್ದು ಮದ್ರಾಸ್ ಬಗೆಯ ಎಂಎನ್‌ಡಿಯಲ್ಲಿ. 1970ರಲ್ಲಿ ವರದಿಯಾದ ಈ ಬಗೆ ನಮ್ಮ ದಕ್ಷಿಣದವರಲ್ಲೇ ಹೆಚ್ಚು. ಎಳೆಯ ವಯಸ್ಸಿನಲ್ಲಿ ಮುಖದ ಸ್ನಾಯು ಸೋತು, ಕಿವಿ ಮಂದವಾಗಿ, ಕೆಲವರಲ್ಲಿ ದೃಷ್ಟಿನರವೂ ಒಣಗುತ್ತದೆ. ಕಳೆದ ವರ್ಷ ಬಂದ ಕಾಲೇಜು ಹುಡುಗಿಗೆ ಕಿವಿ ಕೇಳಿಸದಿದ್ದುದನ್ನು ಎಲ್ಲರೂ ಬರೆದಿದ್ದರು, ಕಣ್ಣಿನ ವಿಷಯವನ್ನು ಯಾರೂ ಬರೆದಿರಲಿಲ್ಲ. ಸಿಗ್ನಲ್ 8ರಲ್ಲಿ ಎರಡೂ ಕಣ್ಣಿನ ಪದರ 70 ಮೈಕ್ರಾನಿನ ಕೆಳಗಿತ್ತು, ಪದರದಲ್ಲಿ ಕಿವಿಯ ಬದಿಗಿರುವ ಭಾಗವಂತೂ ಸೊರಗಿಹೋಗಿತ್ತು. ನಂಬಿಕೆ ಬಾರದೆ ಮೂರು ಸಲ ತೆಗೆದೆ, ಮೂರು ಸಲವೂ ಅದೇ. ಕಿವಿ, ಮುಖ, ದೃಷ್ಟಿನರ ಮೂರೂ ಸೋಲುವುದು ರೈಬೋಫ್ಲೇವಿನ್ (ಬಿ2 ಜೀವಸತ್ವ) ಸಾಗಿಸುವ ಪ್ರೋಟೀನಿನ ದೋಷದಲ್ಲೂ ಉಂಟು, ಅದಕ್ಕೆ ಮದ್ದೂ ಉಂಟು ಎಂದು ನರರೋಗ ತಜ್ಞರಿಗೆ ಚೀಟಿ ಬರೆದೆ. ಅವರು ಜೀನ್ ಪರೀಕ್ಷೆಗೆ ರಕ್ತ ಕಳುಹಿಸಿ, ವರದಿಗೆ ಕಾಯದೆ ಅಂದೇ ರೈಬೋಫ್ಲೇವಿನ್ ಮಾತ್ರೆ ಆರಂಭಿಸಿದರು.